ಬಿಟ್ಟು ಬರುವ ಪದಾರ್ಥ

ಕೊರೋನಾ ಬಂದ ಎರಡನೆಯ ವರ್ಷ, ಶಿವರಾತ್ರಿಯ ಮುಂದೆ, ಬೆಟಗೇರಿಯ ಪಾತ್ರೆ ಬಾಂಡೆ ಅಂಗಡಿ ಸಂಗಪ್ಪನ ಮನೆಯಲ್ಲಿ ದಿನಾ ಊಟದ ಹೊತ್ತಿಗೆ ಒಂದೇ ಜಗಳ. ನೇಪಾಳಕ್ಕೆ ಹೋಗುವುದೋ ಬಿಡುವುದೋ.

ಜಗಳ ಹಚ್ಚಿದವನು ಮಗ ವೀರು. ಲಗ್ನದ ನಿಬ್ಬಣ ಹೊರುತ್ತಿದ್ದ ಅವನ ಟೆಂಪೋ ಟ್ರಾವೆಲರ್ ಹೋದ ವರ್ಷದ ಲಾಕ್‌ಡೌನಿನಿಂದ ಹಿತ್ತಲಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಕೈ ಖಾಲಿ ಇದ್ದವನ ತಲೆ ಖಾಲಿ ಇರುವುದಿಲ್ಲ. ಯಾವುದೋ ದೇಶದ ಮಂದಿ ಮನೆಯಂಥ ಗಾಡಿ ಹೊಡೆದುಕೊಂಡು ಊರೂರು ತಿರುಗುವುದನ್ನು ಮೊಬೈಲಿನಲ್ಲಿ ನೋಡಿದ. ಸೀಟು ಕೀಳಿಸಿ ಐದು ಮಂಚ ಕೂಡಿಸಿದ. ಗ್ಯಾಸಿನ ಒಲೆ, ನೀರಿನ ಟಾಕಿ, ಮೂಲೆಗೊಂದು ಸಂಡಾಸ, ಎಲ್ಲ ಆಯಿತು. ಹೊರಗೆ ದೊಡ್ಡ ಅಕ್ಷರದಲ್ಲಿ 'ಕಾಶಿ – ಪಶುಪತಿನಾಥ' ಎಂದು ಬರೆಸಿಯೂ ಬಿಟ್ಟ. ಹೋಗುವುದು ಇನ್ನೂ ಠರಾವಾಗಿರಲಿಲ್ಲ.

"ಹೋಟೆಲ್ ಇಲ್ಲ, ಛತ್ರ ಇಲ್ಲ, ಮಂದೀನ ಮುಟ್ಟೂದ ಇಲ್ಲ. ನಮ್ಮ ಮನೀನ ಗಾಲಿ ಮ್ಯಾಲ ಹೊಕ್ಕೈತಿ. ಜಡ್ಡು ಎಲ್ಲಿಂದ ಬರಬೇಕು?" ಎಂದ ವೀರು.

"ಜಡ್ಡಿಗೇನು ಗಾಲಿ ಇಲ್ಲಂತ ತಿಳದೀಯೇನು?" ಎಂದಳು ತಾಯಿ ಅನ್ನಪೂರ್ಣವ್ವ. "ಹೊರದೇಶದಾಗ ಏನರ ಆತಂದ್ರ ಹೆಣಾ ಸೈತ ಊರಿಗೆ ಬರೂದಿಲ್ಲ."

"ಶುಭ ನುಡಿಯೋ ಸೋಮ ಅಂದ್ರ ಗೂಬಿ ಕಾಣತೈತಲ್ಲೋ ಮಾಮ ಅಂದಿದ್ನಂತ. ಆ ಪೈಕಿ ನೀ," ಎಂದು ಸಂಗಪ್ಪ ಹೆಂಡತಿಯ ಬಾಯಿ ಮುಚ್ಚಿಸಿದ.

ಸಂಗಪ್ಪನಿಗೆ ಅರವತ್ತೊಂದು. ದೇವರ ಮೇಲೆ ಭಕ್ತಿ ಇತ್ತು, ಇಲ್ಲವೆನ್ನಲು ಆಗದು. ಆದರೆ ಅದಕ್ಕಿಂತ ದೊಡ್ಡ ಸಂಕಟ ಎದುರಂಗಡಿಯ ಮೈಲಾರಲಿಂಗಪ್ಪನದು. ಅವನು ಕಾಶಿಗೆ ಹೋಗಿ ಬಂದು ಮೂರು ವರ್ಷವಾದರೂ ಗಿರಾಕಿ ಕೊಡ ಕೇಳಿದರೂ ಗಂಗೆಯ ಕಥೆ ಹೇಳುತ್ತಿದ್ದ. ಕಾಶಿಯ ಮೇಲೆ ನೇಪಾಳವೂ ಆಯಿತೆಂದರೆ ಅವನ ಬಾಯಿಗೆ ಬೀಗ. ನೇಪಾಳ ಎಂದರೆ ಹೊರದೇಶ, ಸುಳ್ಳೇನಲ್ಲ.

"ಯುಗಾದಿಗೆ ಕಾಶಿಯೊಳಗ ಇರೂದು. ಅಲ್ಲಿಂದ ನೇಪಾಳ. ಬಸವ ಜಯಂತಿ ಲಗ್ನದ ಗದ್ದಲಕ್ಕ ಅಂಗಡಿಗೆ ವಾಪಸ್," ಎಂದು ಸಂಗಪ್ಪ ಠರಾವು ಮಾಡಿದ.

ಅಲ್ಲಿಗೆ ಹೊಸ ಜಗಳ ಹುಟ್ಟಿತು. ಮಂಚ ಐದು. ಸಂಗಪ್ಪ, ಅನ್ನಪೂರ್ಣವ್ವ, ವೀರು, ಸೊಸೆ ಸುನಿತಾ. ಐದನೆಯದು ಯಾರದು?

"ನಮ್ಮವ್ವನ್ನ ಕರಕೊಂಡು ಹೋಗೂಣ್ರಿ. ಲಕ್ಷ್ಮೇಶ್ವರದಾಗ ಗಂಟು ಕಟಗೊಂಡು ಕುಂತಾಳ," ಎಂದಳು ಸುನಿತಾ.

"ನಿಮ್ಮವ್ವ ದಿನಾ ರೊಟ್ಟಿ ಬಡೀತಾಳೇನು?" ಎಂದ ಸಂಗಪ್ಪ. "ಹಾದ್ಯಾಗ ಉಣ್ಣಾಕ ಬೇಕಲ್ಲ. ಶೈಲಾ ಬರ್ತಾಳ."

ಶೈಲಾ ಅವನ ತಂಗಿ. ಬಾಳೆಹೊಸೂರಿಗೆ ಕೊಟ್ಟಿದ್ದರು, ಎರಡನೆಯ ವರ್ಷಕ್ಕೇ ಗಂಡ ತೀರಿಕೊಂಡ. ಮೂರನೆಯ ದಿನ ಬಾಡಿಗೆ ಜೀಪು ತಗೊಂಡು ಬಂದು, "ನಾ ಇರೂತನಾ ನೀ ಯಾರ ಮನಿ ಬಾಗಲಾ ಕಾಯಬ್ಯಾಡ" ಎಂದು ಕರೆತಂದವನು ಇದೇ ಅಣ್ಣ. ಆ ಒಂದು ಮಾತಿನ ಋಣಕ್ಕೆ ಅವಳು ಇಪ್ಪತ್ತೆಂಟು ವರ್ಷ ಈ ಮನೆಯ ರೊಟ್ಟಿ ಬಡಿದಿದ್ದಳು. ಗಂಡನ ಎರಡು ಖೋಲಿ ಮನೆಯ ಕೀಲಿಕೈ ಅಡುಗೆಮನೆಯ ಬಾಗಿಲ ಮೊಳೆಗೆ ತೂಗುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿಯಾದ ದಿನ ಸಂಗಪ್ಪ ಅದರ ಕಡೆ ಬೆರಳು ಮಾಡುತ್ತಿದ್ದ. ಇನ್ನೇನೂ ಹೇಳಬೇಕಾಗಿರಲಿಲ್ಲ.

ಹುಬ್ಬಳ್ಳಿಯ ಆಚೆ ಕಾಣದ ಆ ಹೆಂಗಸಿಗೆ ಐವತ್ನಾಲ್ಕನೆಯ ವಯಸ್ಸಿನಲ್ಲಿ ಒಂದು ಮಂಚ ಸಿಕ್ಕಿತ್ತು. ಹಿಗ್ಗು ತಡೆಯಲಾಗಲಿಲ್ಲ. ದಿನಾ ಮಧ್ಯಾಹ್ನ ಪಾತ್ರೆ ತಿಕ್ಕಿದ ಮೇಲೆ ಗಾಡಿ ಹತ್ತಿ ತನ್ನ ಮಂಚ ಒರೆಸಿ ಇಳಿದು ಬರುತ್ತಿದ್ದಳು. ಮುನ್ನೂರು ಖಟಕ್ ರೊಟ್ಟಿ ಬಡಿದು ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಗಾಡಿಯ ಡಬ್ಬಿಗಳಿಗೆ ತುಂಬಿದಳು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಯಾವ ಚಟ್ನಿಪುಡಿಯನ್ನೂ ಬಿಡಲಿಲ್ಲ.

ಒಂದು ದಿನ ಊಟಕ್ಕೆ ಕುಳಿತಾಗ ಅನ್ನಪೂರ್ಣವ್ವ ನೆನಪು ಮಾಡಿದಳು. "ಕಾಶಿಗೆ ಹೋದೋರು ಒಂದು ಪದಾರ್ಥ ಬಿಟ್ಟು ಬರಬೇಕ್ರಿ. ಮತ್ತ ಜೀವ ಇರೂತನಾ ಅದನ್ನ ಬಾಯಾಗ ಇಡಬಾರದು. ಯಾರ್ಯಾರು ಏನೇನು ಬಿಡ್ತೀರಿ, ಈಗ ವಿಚಾರ ಮಾಡ್ರಿ."

"ನಾ ಹಾಗಲಕಾಯಿ," ಎಂದ ಸಂಗಪ್ಪ.

"ಅದನ್ನ ಹುಟ್ಟಿದಾಗಿಂದ ತಿಂದಿಲ್ಲ ನೀವು. ಇಷ್ಟ ಇದ್ದದ್ದು ಬಿಡಬೇಕು."

"ಹಂಗಾರ ನಾ ಅನಾನಸ್," ಎಂದ ವೀರು. ಸುನಿತಾ ಬೂದಗುಂಬಳ ಎಂದಳು. ಎಲ್ಲರೂ ನಕ್ಕರು. ರೊಟ್ಟಿ ಹಾಕಲು ಬಂದ ಶೈಲಾಳನ್ನು ಯಾರೂ ಕೇಳಿರಲಿಲ್ಲ. ಅವಳೇ ಅಣ್ಣನ ಹೆಂಡತಿಗೆ ಹೇಳಿದಳು: "ನಾ ಮಾವಿನಹಣ್ಣು ಬಿಡ್ತೀನಿ, ವೈನಿ."

ಸಂಗಪ್ಪ ತುತ್ತು ನುಂಗಿ ಅವಳ ಮುಖ ನೋಡಿದ. "ನಿನಗ ಯಾರ ಕೊಟ್ಟಾರ ಮಾವಿನಹಣ್ಣು, ಬಿಡಾಕ?"

ಈ ಸಲ ಇನ್ನೂ ಜೋರಾಗಿ ನಕ್ಕರು. ಶೈಲಾಳೂ ನಕ್ಕಳು. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತದೆ ಎಂದು ಒಳಗೆ ಹೋದಳು.

ಏಪ್ರಿಲ್ ನಾಲ್ಕಕ್ಕೆ ಹೊರಡುವುದೆಂದಾಯಿತು. ರಾಜ್ಯ ದಾಟಲು ಒಂದು ಟೆಸ್ಟಿನ ಕಾಗದ ಬೇಕು, ನೇಪಾಳದ ಗಡಿಗೆ ಇನ್ನೊಂದನ್ನು ಕಾಶಿಯಲ್ಲಿ ಮಾಡಿಸಬೇಕು. ಐದೂ ಮಂದಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದರು. ಫಾರ್ಮು ತುಂಬಿದವನು ವೀರು. ಅವಸರದ ಮನುಷ್ಯ. ಪೂರ್ತಿ ಹೆಸರು ಬರೆಯಲು ಬೇಸರವಾಗಿ ಬರೀ ಅಡ್ಡಹೆಸರಿನ ಮುಂದೆ ಎರಡೆರಡು ಅಕ್ಷರ ಹಾಕಿದ. ಅಪ್ಪ ಸಂಗಪ್ಪ ವಿರೂಪಾಕ್ಷಪ್ಪ, ಎಸ್. ವ್ಹಿ. ಬಳಿಗಾರ. ಅತ್ತೆ ಶೈಲಾ ವಿರೂಪಾಕ್ಷಪ್ಪ, ಎಸ್. ವ್ಹಿ. ಬಳಿಗಾರ. ಗಂಡ ಸತ್ತ ಮೇಲೆ ಅವಳ ಕಾಗದಪತ್ರವೆಲ್ಲ ಮತ್ತೆ ತಂದೆಯ ಹೆಸರಿಗೇ ಬಂದಿತ್ತು.

ಎರಡನೆಯ ತಾರೀಖು ಮುಂಜಾನೆ ಶೈಲಾ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟಿಗೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ವೀರುವಿನ ಮೊಬೈಲು ಟಿಂಗ್ ಎಂದಿತು.

"ಎಸ್. ವ್ಹಿ. ಬಳಿಗಾರ, ಪಾಸಿಟಿವ್," ಎಂದು ಓದಿದ ವೀರು.

ನಾಲ್ಕೂ ಮುಖ ಅಡುಗೆಮನೆಯ ಕಡೆ ತಿರುಗಿದವು. ಶೈಲಾ ಇನ್ನೊಮ್ಮೆ ಕೆಮ್ಮಿದಳು. ಅಷ್ಟು ಸಾಕಾಯಿತು. ಅದರ ಕೆಳಗೆ ಬರೆದ ವಯಸ್ಸನ್ನಾಗಲಿ, ಹೆಣ್ಣೋ ಗಂಡೋ ಎಂಬುದನ್ನಾಗಲಿ ಯಾರೂ ಓದಲಿಲ್ಲ. ಮನೆಯಲ್ಲಿ ಕೆಟ್ಟದ್ದು ಏನಾದರೂ ಅದು ಶೈಲಾಳದೇ ಎಂದು ಅವರಿಗೆ ಅಷ್ಟು ರೂಢಿಯಾಗಿತ್ತು.

"ಹೊರಗ ನಡಿ! ಒಲಿ ಬಿಟ್ಟು ಹೊರಗ ನಡಿ!" ಎಂದು ಸುನಿತಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದು ಖಾರದ ಘಾಟು ಬೇ..."

"ಬಾಯಿ ಮುಚ್ಚು. ನಿನ್ನಿಂದ ಎಲ್ಲಾರ್ದೂ ಕಾಶಿ ತಪ್ಪಿತು," ಎಂದ ಸಂಗಪ್ಪ. "ಎಲ್ಲಿ ಹೋಗಿ ಹಚಗೊಂಡು ಬಂದಿ?"

ಅವಳು ಎಲ್ಲಿಗೂ ಹೋಗಿರಲಿಲ್ಲ. ಹಿಂದಿನ ವಾರ ಮುಂಡರಗಿಯ ಲಗ್ನಕ್ಕೆ ಹೋಗಿ ಐನೂರು ಮಂದಿಯ ನಡುವೆ ಉಂಡು ಬಂದವನು ಸಂಗಪ್ಪ.

ಎಲ್ಲಿ ಇಡುವುದು ಎಂಬ ಮಾತಿಗೆ ಬಹಳ ಹೊತ್ತು ಹಿಡಿಯಲಿಲ್ಲ. "ಗಾಡಿಯಾಗ ಎಲ್ಲಾ ಐತಲ್ಲ," ಎಂದ ವೀರು. "ಮಂಚ, ಫ್ಯಾನು, ಸಂಡಾಸ. ಹದಿನಾಲ್ಕು ದಿನ ಆರಾಮ ಇರ್ಲಿ." ಹೀಗೆ ನೇಪಾಳಕ್ಕೆ ಹೋಗಬೇಕಿದ್ದ ಗಾಡಿಯಲ್ಲಿ, ಎರಡು ದಿನ ಮೊದಲೇ, ಶೈಲಾ ಒಬ್ಬಳೇ ಹತ್ತಿ ಕುಳಿತಳು.

ಏಪ್ರಿಲ್ಲಿನ ಬಿಸಿಲು. ತಗಡಿನ ಗಾಡಿ ಹನ್ನೊಂದಕ್ಕೇ ಹೆಂಚಿನಂತೆ ಕಾಯುತ್ತಿತ್ತು. ಮನೆಯಿಂದ ಎಳೆದ ವೈರಿನಲ್ಲಿ ಫ್ಯಾನು ತಿರುಗುತ್ತಿತ್ತು, ಲೈಟು ಹೋದರೆ ಅದೂ ಇಲ್ಲ. ಸುನಿತಾ ಮೆಟ್ಟಿಲ ಮೇಲೆ ಊಟದ ಗಂಗಾಳ ಇಟ್ಟು, ಒಂದು ಸಲ ಬಾಗಿಲು ಬಡಿದು ಓಡುತ್ತಿದ್ದಳು. ಒಂದೊಂದು ದಿನ ಅದೂ ಮರೆಯುತ್ತಿತ್ತು. ಆಗ ಶೈಲಾ ಡಬ್ಬಿ ತೆಗೆದು, ಯಾತ್ರೆಗೆಂದು ತಾನೇ ಬಡಿದ ಖಟಕ್ ರೊಟ್ಟಿ ಮುರಿದು ಶೇಂಗಾ ಹಿಂಡಿಯ ಜೊತೆ ತಿನ್ನುತ್ತಿದ್ದಳು. ಜ್ವರ ಬರುತ್ತದೆ ಎಂದು ಕಾದಳು. ಬರಲಿಲ್ಲ. ಅಣ್ಣನ ಕಾಶಿ ತಪ್ಪಿಸಿದೆನಲ್ಲ ಎಂಬ ಸಂಕಟ ಮಾತ್ರ ಇತ್ತು.

ಮನೆಯೊಳಗೆ ಬೇರೆಯೇ ರಗಳೆ.

"ಇದೇನು ಸಾರೋ, ಕಾಸಿದ ನೀರೋ?" ಎಂದು ಸಂಗಪ್ಪ ಬಟ್ಟಲು ಸರಿಸಿದ.

"ಉಪ್ಪು ಖಾರ ಎಲ್ಲಾ ಹಾಕೇನ್ರಿ ಮಾವಾರ."

"ಸುಳ್ಳು ಹೇಳಬ್ಯಾಡ. ಮೂರು ದಿನ ಆತು, ಸಪ್ಪಂದ್ರ ಸಪ್ಪ."

ಸುನಿತಾ ಉಪ್ಪು ಸುರಿದಳು. ವೀರು ಉಗುಳಿದ. ಸಂಗಪ್ಪ ಮಾತ್ರ ಸಪ್ಪಗೈತಿ ಎಂದ. ಸುನಿತಾ ಬಿ.ಕಾಂ. ಓದಿದವಳು, ಬಾಯಿರುಚಿ ಹೋಗುವುದು ಈ ಜಡ್ಡಿನ ಗುರುತೆಂದು ತಿಳಿದವಳು. ಸುಮ್ಮನೆ ಒಳಗೆ ಹೋಗಿ ಗಂಡನ ಮೊಬೈಲು ತೆಗೆದು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಎಸ್. ವ್ಹಿ. ಬಳಿಗಾರ. ಗಂಡು. ಅರವತ್ತೊಂದು. ಇನ್ನೊಂದು ಎಸ್. ವ್ಹಿ. ಬಳಿಗಾರ, ಹೆಣ್ಣು, ಐವತ್ನಾಲ್ಕು, ನೆಗೆಟಿವ್.

ನಾಲ್ವರೂ ಪಡಸಾಲೆಯಲ್ಲಿ ಕುಳಿತರು.

"ಆಕಿನ್ನ ಹೊರಗ ಕರೀರಿ ಮೊದಲ," ಎಂದಳು ಅನ್ನಪೂರ್ಣವ್ವ. "ಪಾಪ ಸುತ್ತಕೊಂತೈತಿ."

"ಕರದ್ರ ಏನಾಕ್ಕೈತಿ ಗೊತ್ತೈತೇನು?" ಎಂದ ಸಂಗಪ್ಪ. "ಆಕಿ ಹೊರಗ ಬಂದ್ರ ನಾ ಒಳಗ ಹೋಗಬೇಕು. ಆ ಕಾದ ಡಬ್ಬಿಯಾಗ. ಅಂಗಡಿ ಮುಚ್ಚಬೇಕು. ಸಂಗಪ್ಪಗ ಜಡ್ಡು ಬಂತಂತ ಮೈಲಾರಲಿಂಗಪ್ಪ ಡಂಗುರಾ ಸಾರ್ತಾನ."

"ಆದ್ರೂ ಅಪ್ಪಾ, ಶೈಲಾ ಅತ್ತೀಗೆ ಏನೂ ಆಗಿಲ್ಲಲ್ಲ," ಎಂದ ವೀರು.

"ಆಗಿಲ್ಲಲ್ಲ? ಮತ್ತ್ಯಾಕ ಚಿಂತಿ! ಆರಾಮ ಅದಾಳ. ಎದ್ದಾಗಿಂದ ದುಡಿಯಾಕಿ, ಹತ್ತು ದಿನ ಮಲಕೊಳ್ಳಲಿ. ಯಾರೂ ಪಿಟ್ ಅನ್ನಬಾರದು."

ಸುನಿತಾ ಮೊಬೈಲನ್ನು ಗಂಡನಿಗೆ ಕೊಟ್ಟಳು. ಸಂಗಪ್ಪ ಮಾಸ್ಕು ಹಾಕಿಕೊಂಡು ಅಂಗಡಿಗೆ ಹೋದ.

ಎರಡು ದಿನದ ಮೇಲೆ ಆಶಾ ಕಾರ್ಯಕರ್ತೆ ಜಾಸ್ಮಿನ್ ರೋಗಿಗಳ ಯಾದಿ ಹಿಡಿದುಕೊಂಡು ಹಿತ್ತಲ ಗೇಟಿಗೆ ಬಂದಳು. "ಎಸ್. ವ್ಹಿ. ಬಳಿಗಾರ ಯಾರ್ರೀ?"

"ನಮ್ಮ ತಂಗಿರಿ. ಅಲ್ಲಿ, ಗಾಡಿಯಾಗ ಇಟ್ಟೇವಿ," ಎಂದ ಸಂಗಪ್ಪ.

"ಗಂಡಸು ಅಂತ ಬರದಾರಲ್ರೀ? ಅರವತ್ತೊಂದು ವಯಸ್ಸು ಐತಿ."

"ಬರಿಯೋರು ತಪ್ಪು ಬರದಾರ. ವಯಸ್ಸು ಬರೋಬ್ಬರಿ ಐತಿ, ಅರವತ್ತೊಂದ ಆಕಿಗೆ."

ಗಾಡಿಯ ಕಿಟಕಿಯಿಂದ ಶೈಲಾ ಕೇಳಿಸಿಕೊಂಡಳು. ನನ್ನ ವಯಸ್ಸು ಸೈತ ಅಣ್ಣನಿಗೆ ನೆನಪಿಲ್ಲ ಎಂದು ಒಬ್ಬಳೇ ನಕ್ಕಳು.

ಮರುದಿನ ಅನ್ನಪೂರ್ಣವ್ವನಿಗೆ ಚಳಿಜ್ವರ. ಅದರ ಮರುದಿನ ಮೈಕೈ ನೋವು, ಕೆಮ್ಮು. ಗಂಡನ ಮಗ್ಗುಲಲ್ಲಿ ಮಲಗುವವಳಿಗೆ ಇನ್ನೇನು ಬರಬೇಕು. ಸುನಿತಾ ಹೊಸ್ತಿಲಲ್ಲೇ ನಿಂತು ಹೇಳಿದಳು: "ನನ್ನ ಕೈಲೆ ಆಗೂದಿಲ್ರೀ. ಅತ್ತೀನೂ ಅಲ್ಲೇ ಇಡ್ರಿ."

"ಶೈಲಾಗ ಜಡ್ಡು ಇಲ್ಲ!" ಎಂದಳು ಅನ್ನಪೂರ್ಣವ್ವ ಕೆಮ್ಮುತ್ತ. "ನಾ ಹೋದ್ರ ಆಕಿಗೂ ಬರತೈತಿ."

"ಮಂದಿ ಲೆಕ್ಕದಾಗ ಆಕಿಗೆ ಬಂದೇ ಐತಿ," ಎಂದ ಸಂಗಪ್ಪ. "ನಿನ್ನ ನೋಡಕೊಳ್ಳಾಕ ಒಬ್ಬರು ಬೇಕೋ ಬ್ಯಾಡೋ? ಹತ್ತು."

ಅನ್ನಪೂರ್ಣವ್ವ ಮೂವತ್ತೇಳು ವರ್ಷ ಗಂಡನ ಮಾತಿಗೆ ಎದುರಾಡಿ ಕೊನೆಗೆ ಅದರಂತೆಯೇ ನಡೆದವಳು. ಹತ್ತಿದಳು.

"ದೂರ ಕುಂಡ್ರು ಶೈಲಾ. ನನ್ನ ಮುಟ್ಟಬ್ಯಾಡ."

"ಯಾಕ ವೈನಿ, ಇಬ್ಬರಿಗೂ ಬಂದೈತಲ್ಲ. ಇನ್ನೇನು ದೂರ?" ಎನ್ನುತ್ತ ಶೈಲಾ ಅವಳ ಕಾಲು ಒತ್ತಲು ಕುಳಿತಳು. ಅನ್ನಪೂರ್ಣವ್ವ ಕಾಲು ಎಳೆದುಕೊಂಡಳು.

ಖರೆ ಮಾತು ಅವಳ ಬಾಯಿಗೆ ಬಂದದ್ದು ಯುಗಾದಿಯ ದಿನ. ಕಾಶಿಯಲ್ಲಿ ಗಂಗೆ ಮೀಯಬೇಕಿದ್ದ ಹೊತ್ತಿಗೆ ಸುನಿತಾ ಮೆಟ್ಟಿಲ ಮೇಲೆ ಬೇವು ಬೆಲ್ಲ ಇಟ್ಟು ಬಾಗಿಲು ಬಡಿದು ಹೋದಳು. ಶೈಲಾ ಬೆಲ್ಲದ ಚೂರನ್ನು ವೈನಿಯ ಬಾಯಿಗೆ ಇಟ್ಟಳು.

"ನಿನಗ ಜಡ್ಡು ಇಲ್ಲ," ಎಂದಳು ಅನ್ನಪೂರ್ಣವ್ವ.

"ಏನ ಅಂತೀರಿ?"

"ನಿನಗ ಬಂದೇ ಇರಲಿಲ್ಲ. ಅದು ನಿಮ್ಮಣ್ಣನ ಕಾಗದ. ಎಲ್ಲಾರಿಗೂ ಗೊತ್ತೈತಿ. ವಾರ ಆತು."

ಶೈಲಾ ಬೇವಿನ ಎಲೆ ಜಗಿಯುತ್ತಿದ್ದಳು. ಜಗಿಯುವುದನ್ನು ನಿಲ್ಲಿಸಿದಳು.

"ನಿಮಗೂ ಗೊತ್ತಿತ್ತೇನು ವೈನಿ?"

"ಗೊತ್ತಿತ್ತು. ಹೇಳಲಿಲ್ಲ. ಅವರ ಅಂಜಿಕಿ." ಅನ್ನಪೂರ್ಣವ್ವ ಅತ್ತಳು. ಅಳಲು ಉಸಿರು ಸಾಲದೆ ಬಿಕ್ಕಿದಳು. "ನೀ ಇಳದು ಹೋಗು ಶೈಲಾ. ಬಾಗಲಕ್ಕ ಕೀಲಿ ಇಲ್ಲ."

ಬಾಗಿಲಿಗೆ ಕೀಲಿ ಇರಲಿಲ್ಲ, ಖರೆ. ಶೈಲಾ ಎದ್ದು ಬಾಗಿಲವರೆಗೆ ಹೋದಳು. ಮನೆಯೊಳಗಿಂದ ಅಣ್ಣ ಹೋಳಿಗೆಗೆ ಬೆಲ್ಲ ಕಡಿಮೆ ಎಂದು ಬೈಯುವುದು ಕೇಳಿಸುತ್ತಿತ್ತು. ಹಿಂದಿನಿಂದ ವೈನಿಯ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಶೈಲಾ ನೀರಿನ ತಂಬಿಗೆ ತುಂಬಿಕೊಂಡು ತಿರುಗಿ ಬಂದು ಕುಳಿತಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹಣೆಯ ಮೇಲೆ ಹಸಿ ಬಟ್ಟೆ ಹಾಕಿದಳು.

ಯುಗಾದಿಯಾಗಿ ಐದನೆಯ ದಿನ ಅನ್ನಪೂರ್ಣವ್ವನ ತುಟಿ ನೀಲಿಯಾಯಿತು. ಆಂಬುಲೆನ್ಸಿಗೆ ಫೋನು ಹತ್ತಲಿಲ್ಲ. ವೀರು ಮುಖಕ್ಕೆ ಎರಡು ಮಾಸ್ಕು ಬಿಗಿದು, ಗಾಡಿಯನ್ನೇ ಹೊಡೆದ. ಎರಡು ಕಡೆ ಹಾಸಿಗೆ ಖಾಲಿ ಇಲ್ಲವೆಂದರು. 'ಕಾಶಿ – ಪಶುಪತಿನಾಥ' ಎಂದು ಬರೆದ ಗಾಡಿ ಗದಗಿನ ಓಣಿಗಳಲ್ಲಿ ಒಂದೂವರೆ ತಾಸು ತಿರುಗಿತು. ಮೂರನೆಯ ಗೇಟಿನ ಮುಂದೆ ನಿಂತಾಗ ಅನ್ನಪೂರ್ಣವ್ವ ನಾದಿನಿಯ ತೊಡೆಯ ಮೇಲೆ ತೀರಿಕೊಂಡಿದ್ದಳು.

ಓಣಿಗೆ ಕಾರಣ ಬೇಕಿತ್ತು. "ನಾದಿನಿಯಿಂದ ಹತ್ತಿತಂತ" ಎಂದರು. ಅಂಗಡಿಗೆ ಬಂದು ಕೇಳಿದವರಿಗೆ ಸಂಗಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಿಟ್ಟುಸಿರು ಬಿಟ್ಟು ಮೇಲೆ ನೋಡುತ್ತಿದ್ದ. ಶೈಲಾಳಿಗೆ ಎರಡು ದಿನ ಜ್ವರ ಬಂದು ಹೋಯಿತು. ಈಗ ಆ ಕಾಗದ ಖರೆಯೂ ಆಗಿತ್ತು.

ಹನ್ನೊಂದನೆಯ ದಿನದ ಗಣಾರಾಧನೆಗೆ ಮತ್ತೆ ಲಾಕ್‌ಡೌನು. ಮನೆಯವರ ಹೊರತಾಗಿ ಶಿರಹಟ್ಟಿಯಿಂದ ಅನ್ನಪೂರ್ಣವ್ವನ ತಮ್ಮ ಫಕೀರೇಶ ಒಬ್ಬನೇ ಬೈಕಿನಲ್ಲಿ ಬಂದಿದ್ದ. ಅಡುಗೆ ಶೈಲಾಳದೇ. ಸಂಗಪ್ಪ ಆಪೂಸ್ ಮಾವಿನಹಣ್ಣಿನ ಪೆಟ್ಟಿಗೆ ತಂದಿದ್ದ. ಶೈಲಾ ಬಡಿಸಲು ಬಂದಾಗ ಫಕೀರೇಶ ಎಲೆಯ ಮೇಲೆ ಕೈ ಅಡ್ಡ ಹಿಡಿದ.

"ಈ ಕೈ ಬ್ಯಾಡ. ನಮ್ಮಕ್ಕನ್ನ ತಿಂದು ಹೋಳಿಗಿ ಬಡಸಾಕ ಬಂದಾಳ. ಮಾರಿ ಹ್ಯಾಂಗ ತೋರಸ್ತೀಬೇ ನೀ?"

ಶೈಲಾ ಹೋಳಿಗೆಯ ಬುಟ್ಟಿ ಹಿಡಿದು ನಿಂತೇ ಇದ್ದಳು. ಅಣ್ಣನನ್ನು ನೋಡಿದಳು. ಒಂದು ಮಾತು. ಅಷ್ಟೇ ಅವಳಿಗೆ ಬೇಕಾದದ್ದು. ಅವನು ಜೀಪು ತಂದ ದಿನ ಆಡಿದಂಥ ಒಂದೇ ಒಂದು ಮಾತು. ವೀರು ಮೊಬೈಲು ನೋಡುತ್ತಿದ್ದ. ಸುನಿತಾ ನೀರು ತರುವ ನೆವ ಮಾಡಿ ಎದ್ದಳು.

ಸಂಗಪ್ಪ ಗಂಟಲು ಸರಿಮಾಡಿಕೊಂಡ. "ಬಿಡೋ ಫಕೀರೇಶ. ಆಕಿ ಬೇಕಂತ ಮಾಡಿಲ್ಲ, ತಿಳೀದ ಆಗೈತಿ. ನಾ ಆಕಿಗೆ ಕ್ಷಮಾ ಮಾಡೇನಿ. ನೀನೂ ಮಾಡು." ಹಾಗೆಂದು ಪೆಟ್ಟಿಗೆಯಿಂದ ಒಂದು ದೊಡ್ಡ ಹಣ್ಣು ತೆಗೆದು ತಂಗಿಯ ಕಡೆ ಚಾಚಿದ. "ತಗೋ. ನಿನಗಂತನ ತಂದೇನಿ. ಕುಂತು ತಿನ್ನು."

ಶೈಲಾ ಬುಟ್ಟಿ ಕೆಳಗಿಟ್ಟಳು. ಗಂಡಸರ ಪಂಕ್ತಿಯ ಎದುರಿಗೇ ಕುಳಿತು ಹಣ್ಣಿನ ತೊಟ್ಟು ಕಿತ್ತಳು. ಅವಸರ ಮಾಡದೆ, ಮೊಣಕೈವರೆಗೆ ರಸ ಇಳಿದರೂ ಬಿಡದೆ, ಗೊರಟೆ ಬೆಳ್ಳಗಾಗುವವರೆಗೆ ಚೀಪಿದಳು. ಅವಳು ಹಾಗೆ ಕುಳಿತು ತಿಂದದ್ದನ್ನು ಆ ಮನೆ ನೋಡಿರಲಿಲ್ಲ.

"ಮತ್ತ, ಮಾವಿನಹಣ್ಣು ಬಿಡ್ತೀನಿ ಅಂದಿದ್ದಿ?" ಎಂದು ಸಂಗಪ್ಪ ನಗಲು ನೋಡಿದ.

"ಇಲ್ಲಣ್ಣಾ, ಅದನ್ನ ಬಿಡಲಿಲ್ಲ." ಶೈಲಾ ಗೊರಟೆಯನ್ನು ಅವನ ಎಲೆಯ ಅಂಚಿಗೆ ಇಟ್ಟಳು. "ಇಷ್ಟ ಇದ್ದದ್ದು ಬಿಡಬೇಕಂತ ವೈನಿ ಹೇಳಿದ್ರು. ನನ್ನ ಯಾತ್ರೆ ಆ ಗಾಡಿಯಾಗ ಮುಗೀತು. ನಾ ನಿನ್ನ ಬಿಟ್ಟೆ."

ಎದ್ದು ಕೈ ತೊಳೆದಳು. ಮೊಳೆಯಿಂದ ಬಾಳೆಹೊಸೂರಿನ ಕೀಲಿಕೈ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಗಾಡಿಯಲ್ಲಿ ಉಳಿದಿದ್ದ ರೊಟ್ಟಿಯ ಗಂಟು ಬಗಲಲ್ಲಿ ಇಟ್ಟುಕೊಂಡು ಗೇಟು ತೆಗೆದಳು. ಬಸ್ಸು ಇರಲಿಲ್ಲ. ನಡೆದೇ ಹೊರಟಳು.

"ಬರ್ತಾಳ ತಗೋ. ಎಲ್ಲಿಗೆ ಹೊಕ್ಕಾಳ," ಎಂದ ಸಂಗಪ್ಪ, ಗೇಟಿನ ಸಪ್ಪಳ ನಿಂತ ಮೇಲೆ. ಒಂದು ಹಣ್ಣು ಹೆಚ್ಚಿ ಹೋಳನ್ನು ಬಾಯಿಗೆ ಹಾಕಿಕೊಂಡ. ಜಗಿದ. ಇನ್ನೊಂದು ಹೋಳು ಹಾಕಿಕೊಂಡು ಮತ್ತೆ ಜಗಿದ.

"ಏನೋ ವೀರು, ಹಣ್ಣು ಸೀ ಅದಾವೇನು? ನನಗೇನೂ ಗೊತ್ತಾಗವಲ್ದು. ಒಂದು ತಿಂಗಳಾತು ನೋಡು, ಬಾಯಿಗೆ ಏನಿಟ್ರೂ ಸಪ್ಪಗ."

ಫಕೀರೇಶನ ಕೈ ತುತ್ತಿನೊಂದಿಗೆ ಅಲ್ಲಿಯೇ ನಿಂತಿತು.

"ಮಾಮಾ," ಎಂದ, "ಎಷ್ಟು ದಿನ ಆತಂದ್ರಿ, ನಿಮಗ ರುಚಿ ಹೋಗಿ?"